ಹಿಡಿತ ಸಡಿಲವಾದರೂ ಹರಡಿದ ವೈರಸ್

ಕೊರೊನಾದ ಹೊಸ ತಳಿ ಬಂದಾಗಲೆಲ್ಲ ವಾಟ್ಸ್‌ಆ್ಯಪ್‌ನಲ್ಲಿ ಒಂದು ಮಾತು ಓಡಾಡುತ್ತದೆ: ‘ಇದು ಜೀವಕೋಶಕ್ಕೆ ಇನ್ನೂ ಗಟ್ಟಿಯಾಗಿ ಅಂಟಿಕೊಳ್ಳುತ್ತದಂತೆ, ಕಂಪ್ಯೂಟರೇ ಹೇಳಿದೆ’. 2023ರ ಡಿಸೆಂಬರ್‌ನಲ್ಲಿ ಕೇರಳದಲ್ಲಿ ಜೆಎನ್.1 ತಳಿ ಪತ್ತೆಯಾಗಿ ಗಡಿ ಜಿಲ್ಲೆಯಾದ ನಮ್ಮ ಕೊಡಗಿನಲ್ಲಿ ಎಚ್ಚರಿಕೆ ಹೆಚ್ಚಿಸಿದಾಗಲೂ ಅದೇ ಭಯ. ಮಾಕುಟ್ಟ, ಕುಟ್ಟ ಚೆಕ್‌ಪೋಸ್ಟ್‌ಗಳಲ್ಲಿ 2021ರಲ್ಲಿ ಆರ್‌ಟಿ–ಪಿಸಿಆರ್ ವರದಿ ಹಿಡಿದು ನಿಂತವರಿಗೆ ಭಯವಾಗದೆ ಇರುತ್ತದೆಯೇ? ಆದರೆ ಕಂಪ್ಯೂಟರ್ ನಿಜಕ್ಕೂ ಹೇಳುವುದೇನು?

ವೈರಸ್ಸಿನ ಮೇಲಿರುವ ಸ್ಪೈಕ್ ಪ್ರೋಟೀನ್ ನಮ್ಮ ಜೀವಕೋಶದ ‘ಎಸಿಇ2’ ಎಂಬ ಗ್ರಾಹಕವನ್ನು ಹಿಡಿದುಕೊಂಡರಷ್ಟೇ ಅದಕ್ಕೆ ಒಳಗೆ ದಾರಿ. ಈ ಎರಡರ ರಚನೆಯನ್ನೂ, ಸುತ್ತಲಿನ ನೀರನ್ನೂ ಅಣು ಅಣುವಾಗಿ ಕಂಪ್ಯೂಟರಿಗೆ ಕೊಟ್ಟರೆ, ಲಕ್ಷಾಂತರ ಪರಮಾಣುಗಳ ಮೇಲಿನ ಬಲವನ್ನು ಅದು ಲೆಕ್ಕ ಹಾಕಿ ಪ್ರತಿಯೊಂದನ್ನೂ ಒಂದೊಂದು ಹೆಜ್ಜೆ ಸರಿಸುತ್ತದೆ. ಬಿಇ ಓದುತ್ತಿರುವ ನನಗೆ ಖುಷಿ ಕೊಟ್ಟದ್ದು ಇದೇ. ಒಳಗಿರುವುದು ನಾವು ಪಿಯುಸಿಯಲ್ಲಿ ಕಲಿತ ನ್ಯೂಟನ್ನನ ಎರಡನೇ ನಿಯಮ! ಒಂದು ಹೆಜ್ಜೆ ಸಾಮಾನ್ಯವಾಗಿ 2 ಫೆಮ್ಟೊಸೆಕೆಂಡ್. ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗವನ್ನು ನೋಡಬೇಕಾದರೆ 50 ಕೋಟಿ ಹೆಜ್ಜೆ ಬೇಕು. ಬೆಂಗಳೂರಿನ ಐಐಎಸ್‌ಸಿಯಲ್ಲಿರುವ ‘ಪರಮ್ ಪ್ರವೇಗ’ದಂಥ ಸೂಪರ್ ಕಂಪ್ಯೂಟರ್‌ಗಳು ಬೇಕಾಗುವುದು ಇಂಥ ಕೆಲಸಕ್ಕೇ.

ಹೀಗೆ ಒಂದೇ ಒಂದು ಅಮೈನೋ ಆಮ್ಲ ಬದಲಾದರೆ ಹಿಡಿತ ಎಷ್ಟು ಬದಲಾಗುತ್ತದೆ ಎಂದು ನೋಡಬಹುದು. ಆಲ್ಫಾ ತಳಿಯಲ್ಲಿ 501ನೇ ಸ್ಥಾನದ ಬದಲಾವಣೆ ಹಿಡಿತವನ್ನು ಬಿಗಿ ಮಾಡಿತ್ತು. ಓಮೈಕ್ರಾನ್‌ನಲ್ಲಿ ಅದೂ ಇತ್ತು, ಜೊತೆಗೆ ಹಿಡಿತ ಸಡಿಲಿಸುವ 417ನೇ ಸ್ಥಾನದ ಬದಲಾವಣೆಯೂ ಇತ್ತು. ನಷ್ಟ ಮಾಡಿಕೊಂಡಾದರೂ ಅದು ಉಳಿದದ್ದೇಕೆ? ನಮ್ಮ ಪ್ರತಿಕಾಯಗಳಿಂದ ತಪ್ಪಿಸಿಕೊಳ್ಳಲು ಅದು ನೆರವಾಗುತ್ತಿತ್ತು. ಜೆಎನ್.1ರ ಕಥೆ ಇನ್ನೂ ಸ್ಪಷ್ಟ. 455ನೇ ಸ್ಥಾನದ ಬದಲಾವಣೆಯಿಂದ ಅದರ ಹಿಡಿತ ಕಡಿಮೆಯಾಯಿತು, ಪ್ರತಿಕಾಯಗಳ ಕಣ್ತಪ್ಪಿಸುವ ಶಕ್ತಿ ಹೆಚ್ಚಿತು. ಕೆಲವೇ ತಿಂಗಳಲ್ಲಿ ಜಗತ್ತಿನಾದ್ಯಂತ ಹರಡಿದ್ದು ಅದೇ ತಳಿ. 2025ರ ಮೇ ತಿಂಗಳಲ್ಲಿ ಭಾರತದಲ್ಲಿ ಸುದ್ದಿಯಾದ ಎನ್‌ಬಿ.1.8.1 ಕೂಡ ಅದೇ ವಂಶದ್ದು.

ಹಾಗಾಗಿ ‘ಇಷ್ಟು ಪಟ್ಟು ಗಟ್ಟಿ’ ಎಂಬ ಶೀರ್ಷಿಕೆ ಕಂಡರೆ ನಾನು ಎರಡು ವಿಷಯ ಹುಡುಕುತ್ತೇನೆ: ಪ್ರಯೋಗಾಲಯದಲ್ಲಿ ಅದನ್ನು ಅಳೆದು ನೋಡಿದ್ದಾರೆಯೇ? ಲಸಿಕೆ ಪಡೆದವರ ರಕ್ತದ ಪ್ರತಿಕಾಯಗಳು ಆ ತಳಿಯ ಎದುರು ಏನು ಮಾಡಿದವು? ರೋಗ ಎಷ್ಟು ತೀವ್ರ ಎಂಬುದನ್ನು ಆಸ್ಪತ್ರೆಯ ಲೆಕ್ಕ ಹೇಳಬೇಕೇ ಹೊರತು ಸಿಮ್ಯುಲೇಷನ್ ಅಲ್ಲ.

ಈ ಕ್ಷೇತ್ರಕ್ಕೆ ಬಯೋಟೆಕ್‌ನವರೇ ಬೇಕೆಂದೇನಿಲ್ಲ. ಕೋಡಿಂಗ್, ಗಣಿತ, ಮೆಕ್ಯಾನಿಕ್ಸ್ ಬಲ್ಲವರಿಗೂ ಕೆಲಸವಿದೆ. ‘ಗ್ರೊಮ್ಯಾಕ್ಸ್’ ತಂತ್ರಾಂಶ ಉಚಿತ, ಪ್ರೋಟೀನ್‌ಗಳ ರಚನೆ ‘ಪ್ರೋಟೀನ್ ಡೇಟಾ ಬ್ಯಾಂಕ್’ನಲ್ಲಿ ಉಚಿತ. ಚಿಕ್ಕ ಪ್ರೋಟೀನ್ ಒಂದನ್ನು ಲ್ಯಾಪ್‌ಟಾಪಿನಲ್ಲೇ ಓಡಿಸಿ ಕಲಿಯಬಹುದು. ಗ್ರೊಮ್ಯಾಕ್ಸ್ 15 ನಿಮಿಷಕ್ಕೊಮ್ಮೆ ತಾನೇ ಕೆಲಸವನ್ನು ಉಳಿಸಿಕೊಳ್ಳುತ್ತದೆ. ಜುಲೈ ಮಳೆಯಲ್ಲಿ ಗೋಣಿಕೊಪ್ಪಲಿನ ಕರೆಂಟ್ ನಂಬಿ ಕೂತವರಿಗೆ ಅದೂ ದೊಡ್ಡ ಅನುಕೂಲವೇ.