ಬಂಡೆಗಳ ನಡುವಿನ ಹಾಡು

ಹಾಡುವ ಹಕ್ಕಿಯೆಂದೊಡನೆ ನಮ್ಮ ಮನಸ್ಸು ಮಲೆನಾಡಿಗೆ ಓಡುತ್ತದೆ. ಮಳೆಗಾಡಿನ ಹಳ್ಳಗಳ ಬಳಿ ಮರೆಯಲ್ಲಿ ಕುಳಿತು ಸಿಳ್ಳೆ ಹಾಕುವ ಸಿಳ್ಳಾರವನ್ನು ಮೆಚ್ಚದವರಿಲ್ಲ. ಆದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಬಂಡೆಬೆಟ್ಟಗಳನ್ನು ಕಂಡವರಲ್ಲಿ ಅನೇಕರು ‘ಇಲ್ಲೇನಿದೆ? ಬರಿಯ ಕಲ್ಲು’ ಎಂದು ಮುಖ ತಿರುಗಿಸುತ್ತಾರೆ. ಈ ತಾತ್ಸಾರ ಸಲ್ಲದೆಂಬುದಕ್ಕೆ ಒಂದು ಪುಟ್ಟ ಹಕ್ಕಿಯೇ ಸಾಕ್ಷಿ.

ಅದು ಹಳದಿಗೊರಳಿನ ಪಿಕಳಾರ. ಗೇಣುದ್ದದ ಈ ಹಕ್ಕಿಯ ಮೈ ಬೂದು. ಕೊರಳಿಗೆ ಅರಿಸಿನ ಪೂಸಿದಂತಹ ಹಳದಿ. ಭಾರತದ ಪರ್ಯಾಯದ್ವೀಪ ಭಾಗವನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲಿಯೂ ಇದರ ನೆಲೆಯಿಲ್ಲ. ರಾಮದೇವರ ಬೆಟ್ಟ, ಸಾವನದುರ್ಗಗಳಲ್ಲಿ ಇದು ವಾಸಿಸುತ್ತದೆ. ಇದರ ಸೋದರ ಜಾತಿಯ ಪಿಕಳಾರಗಳು ನಮ್ಮ ಹಿತ್ತಿಲಿನಲ್ಲಿಯೂ ನಿರ್ಭಯವಾಗಿ ಗೂಡು ಕಟ್ಟುತ್ತವೆ. ಇದಾದರೋ ಬಹು ನಾಚಿಕೆಯ ಜೀವಿ. ಮನುಷ್ಯನ ಸುಳಿವು ದೊರೆತೊಡನೆ ಪೊದೆಯೊಳಗೆ ಮರೆಯಾಗುತ್ತದೆ. ಕಣ್ಣಿಗೆ ಬೀಳುವುದಕ್ಕೆ ಮೊದಲೇ ಕಿವಿಗೆ ಬೀಳುತ್ತದೆ.

ಬಂಡೆಗಳ ಸಂದಿನಲ್ಲಿ ಬೆಳೆದ ಕುರುಚಲು ಪೊದೆ ಇದಕ್ಕೆ ಆಸರೆ. ಕಾಡುಹಣ್ಣು, ಕೀಟಗಳು ಆಹಾರ. ತಿಂದ ಹಣ್ಣಿನ ಬೀಜವನ್ನು ಬೇರೆಡೆ ಉದುರಿಸಿ ಹಕ್ಕಿಯು ಆ ಪೊದೆಗಳ ಋಣವನ್ನು ತೀರಿಸುತ್ತದೆ. ಕಲ್ಲುಗಣಿಗಾಗಿ ಬೆಟ್ಟವನ್ನು ಸಿಡಿಸಿದರೆ, ಒಣಹುಲ್ಲಿಗೆ ಬೆಂಕಿಯಿಟ್ಟರೆ, ಸೌದೆಗೆಂದು ಪೊದೆಗಳನ್ನೆಲ್ಲ ಸವರಿದರೆ ಅದು ಎಲ್ಲಿಗೆ ಹೋಗಬೇಕು? ಬಯಲಿನ ತೋಟ ಅದಕ್ಕೆ ಒಗ್ಗದು. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಇದನ್ನು ಅಳಿವಿನ ಅಪಾಯವುಳ್ಳ ಪಕ್ಷಿಗಳ ಪಟ್ಟಿಯಲ್ಲಿ ಸೇರಿಸಿದೆ.

‘ಮನೆಗೆ, ಶಾಲೆಗೆ, ರಸ್ತೆಗೆ ಕಲ್ಲು ಬೇಡವೇ? ಕಲ್ಲು ಒಡೆದು ಬದುಕುವವರ ಗತಿಯೇನು?’ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಕಲ್ಲು ಬೇಕು, ದುಡಿಮೆಯೂ ಬೇಕು. ಆದರೆ ಎಲ್ಲಿ ಒಡೆಯಬೇಕು, ಎಲ್ಲಿ ಒಡೆಯಬಾರದು ಎಂಬ ವಿವೇಚನೆ ಅದಕ್ಕಿಂತ ಮೊದಲು ಬೇಕು. ಕಡಿದ ಪೊದೆ ಮಳೆ ಬಿದ್ದರೆ ಚಿಗುರೀತು. ಒಡೆದ ಬೆಟ್ಟ ಚಿಗುರದು. ರಾಮನಗರದ ಹಳೆಯ ಹೆಸರಿನಿಂದ ಭೂವಿಜ್ಞಾನಿಗಳು ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದು ಕರೆಯುವ ಈ ಶಿಲೆಗೆ ಸುಮಾರು 250 ಕೋಟಿ ವರ್ಷಗಳ ವಯಸ್ಸು. ಅದನ್ನು ಮರಳಿ ಕಟ್ಟಬಲ್ಲ ಶಿಲ್ಪಿ ಯಾರು?

2012ರಲ್ಲಿ ಸರ್ಕಾರವು ರಾಮದೇವರ ಬೆಟ್ಟವನ್ನು ರಣಹದ್ದುಗಳ ಅಭಯಧಾಮವೆಂದು ಘೋಷಿಸಿತು. ಹದ್ದಿಗೆ ದೊರೆತ ಆ ಆಸರೆ ಪಿಕಳಾರಕ್ಕೂ ಒದಗಿತು. ಉಳಿದ ಬೆಟ್ಟಗಳನ್ನು ಕಾಯುವ ಹೊಣೆ ಸರ್ಕಾರದ್ದಷ್ಟೇ ಅಲ್ಲ, ಅವುಗಳ ತಪ್ಪಲಿನಲ್ಲಿ ಬಾಳುವವರದ್ದೂ ಹೌದು. ಬೆಟ್ಟಕ್ಕೆ ಹೋದಾಗ ಕೂಗಾಡದಿರುವುದು, ಬೆಂಕಿ ಹಚ್ಚದಿರುವುದು, ಗೂಡನ್ನು ಮುಟ್ಟದಿರುವುದು ವಿದ್ಯಾರ್ಥಿಗಳೂ ಪಾಲಿಸಬಲ್ಲ ನಿಯಮಗಳು. ಬಂಜರೆಂದು ನಾವು ಹೆಸರಿಟ್ಟ ನೆಲ ಇನ್ನೊಂದು ಜೀವಕ್ಕೆ ತವರು. ಆ ತವರನ್ನು ಅಳಿಸುವ ಅಧಿಕಾರವನ್ನು ನಮಗೆ ಯಾರೂ ಕೊಟ್ಟಿಲ್ಲ.