ವೇದಿಕೆ ಬೇಡ, ಒಂದು ಕೋಣೆ ಸಾಕು

ಕಳೆದ ಗ್ಯಾದರಿಂಗ್‌ನಲ್ಲಿ ಗಿಟಾರ್ ಹಿಡಿದು ವೇದಿಕೆ ಹತ್ತಿ, ಹಾಡು ಅರ್ಧಕ್ಕೇ ಬಿಟ್ಟು ಇಳಿದು ಬಂದವನು ನಾನೇ. ನೋಡಿದವರಿಗೆ ನೆನಪಿರುತ್ತದೆ. ನೋಡದವರಿಗೆ ನೋಡಿದವರು ಹೇಳಿರುತ್ತಾರೆ. ಶಿಶುನಾಳ ಶರೀಫರ ತತ್ವಪದ ಹಾಡುತ್ತೇನೆಂದು ಹೆಸರು ಕೊಟ್ಟಿದ್ದೆ. ರಘು ದೀಕ್ಷಿತ್ ಅವರು ಗಿಟಾರ್ ಜೊತೆ ಶರೀಫರನ್ನು ಹಾಡಿದ ಮೇಲೆ ನಮ್ಮಂಥವರಿಗೆಲ್ಲ ಅದು ಸುಲಭ ಅನ್ನಿಸಿಬಿಟ್ಟಿದೆ. ಫೋನಿನಲ್ಲಿ ವಿಡಿಯೋ ನೋಡಿ ಮೂರು ವಾರದಲ್ಲಿ ಮೂರು ಕಾರ್ಡ್ ಕಲಿತಿದ್ದೆ. ವೇದಿಕೆಯ ಮೇಲೆ ಎರಡನೇ ಸಾಲಿಗೇ ಬೆರಳು ತಪ್ಪಿತು. ತಂತಿಗಳೂ ಶ್ರುತಿಯಲ್ಲಿರಲಿಲ್ಲ. ಮುಂದಿನ ಸಾಲಿನಲ್ಲಿದ್ದ ಕೆಮಿಸ್ಟ್ರಿ ಸರ್ ಪಾಪ ತಲೆ ತಗ್ಗಿಸಿ ಕೂತರು. ಹಿಂದಿನ ಸಾಲಿನವರು ಏನು ಮಾಡಿದರೆಂದು ಇಲ್ಲಿ ಬರೆಯುವುದಿಲ್ಲ.

ಅದಾದ ಮೇಲೂ ನಾನು ಗಿಟಾರ್ ಬಿಡಲಿಲ್ಲ. ಆದರೆ ನನ್ನ ಜೊತೆಗೇ ಶುರು ಮಾಡಿದ್ದ ಮೂವರು ಗೆಳೆಯರು ಬಿಟ್ಟರು. ಒಬ್ಬನ ಗಿಟಾರ್ ಮನೆಯಲ್ಲಿ ಅಲಮಾರಿಯ ಹಿಂದಿದೆ. ಇನ್ನೊಬ್ಬ ಮಾರಿದ. ಮೂರನೆಯವನು ಹೇಳಿದ್ದು: "ನನ್ನ ಕೈಯಲ್ಲಿ ಟ್ಯಾಲೆಂಟ್ ಇಲ್ಲ ಬಿಡೋ." ಈ ಮಾತನ್ನು ನಾನು ಒಪ್ಪುವುದಿಲ್ಲ. ಟ್ಯಾಲೆಂಟ್ ಇದೆಯೋ ಇಲ್ಲವೋ ಎಂದು ತಿಳಿಯುವ ಹಂತಕ್ಕೆ ನಾವು ಯಾರೂ ಹೋಗಿಯೇ ಇರಲಿಲ್ಲ.

ಮೊದಲನೆಯ ತೊಂದರೆ ಗಿಟಾರಿನದ್ದೇ. ನನ್ನದು 2,200 ರೂಪಾಯಿಯ ಸೆಕೆಂಡ್ ಹ್ಯಾಂಡ್. ತಂತಿ ಒತ್ತಿದರೆ ಬೆರಳ ತುದಿಯಲ್ಲಿ ಗೆರೆ ಬಿದ್ದು ಉರಿಯುತ್ತಿತ್ತು, ಆದರೂ ಸ್ವರ ಸರಿಯಾಗಿ ಬರುತ್ತಿರಲಿಲ್ಲ. ಕಲಿಯುವಾಗ ಹೀಗೇ ಇರುತ್ತದೆ ಅಂದುಕೊಂಡಿದ್ದೆ. ಒಂದು ದಿನ ಹಾರ್ಮೋನಿಯಂ, ತಬಲಾ ರಿಪೇರಿ ಮಾಡುವ ಅಂಗಡಿಗೆ ಹೋದಾಗ ಅಲ್ಲಿನ ಚಾಚಾ ಗಿಟಾರನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿ, "ಇದನ್ನು ನಾನು ಒತ್ತಿದರೂ ನೋವಾಗುತ್ತದೆ ಬೇಟಾ" ಅಂದರು. 12ನೇ ಫ್ರೆಟ್ ಹತ್ತಿರ ಸ್ಕೇಲ್ ಇಟ್ಟು ಅಳೆದರೆ ತಂತಿಗೂ ಫ್ರೆಟ್‌ಗೂ ನಡುವೆ 4 ಮಿಲಿಮೀಟರ್ ಅಂತರ. ಸ್ಟೀಲ್ ತಂತಿಯ ಗಿಟಾರಿನಲ್ಲಿ ಅದು ಎರಡೂವರೆಯ ಆಸುಪಾಸು ಇದ್ದರೆ ಕೈಗೆ ಹಿತ. ಅವರು ತಂತಿ ಸಡಿಲಿಸಿ, ಬ್ರಿಡ್ಜ್ ಮೇಲಿನ ಸ್ಯಾಡಲ್ ಪಟ್ಟಿಯನ್ನು ತೆಗೆದು ಅದರ ಕೆಳಭಾಗವನ್ನು ಮರಳುಕಾಗದದ ಮೇಲೆ ಉಜ್ಜಿದರು. 12ನೇ ಫ್ರೆಟ್‌ನಲ್ಲಿ ಒಂದು ಮಿಲಿಮೀಟರ್ ತಗ್ಗಬೇಕಾದರೆ ಸ್ಯಾಡಲ್‌ನಲ್ಲಿ ಎರಡು ಮಿಲಿಮೀಟರ್ ಉಜ್ಜಬೇಕಂತೆ. ಯಾಕೆಂದು ಅವರು ಹೇಳಲಿಲ್ಲ. ಮನೆಗೆ ಬಂದು ಕಾಗದದ ಮೇಲೆ ಬರೆದು ನೋಡಿದೆ: 12ನೇ ಫ್ರೆಟ್ ತಂತಿಯ ಸರಿಯಾಗಿ ನಡುಮಧ್ಯ. ಹತ್ತನೇ ತರಗತಿಯ ಸಮರೂಪ ತ್ರಿಭುಜ! ಚಾಚಾ ಹತ್ತನೇ ತರಗತಿ ಓದಿದ್ದಾರೋ ಇಲ್ಲವೋ ನಾನು ಕೇಳಲಿಲ್ಲ.

ಎತ್ತರದ ತಂತಿ ನೋವು ಕೊಡುವುದಷ್ಟೇ ಅಲ್ಲ, ಸುಳ್ಳನ್ನೂ ಹೇಳುತ್ತದೆ. ಬಿಗಿದ ತಂತಿಯ ಸೂತ್ರ ಫಸ್ಟ್ ಪಿಯು ಫಿಸಿಕ್ಸ್‌ನಲ್ಲಿ ಬರುತ್ತದೆ: ಉದ್ದ ಕಡಿಮೆಯಾದರೆ ಆವೃತ್ತಿ ಹೆಚ್ಚು, ಬಿಗಿತ ಹೆಚ್ಚಾದರೂ ಆವೃತ್ತಿ ಹೆಚ್ಚು, ತಂತಿ ದಪ್ಪವಾದರೆ ಕಡಿಮೆ. ಗಿಟಾರಿನ ಆರೂ ತಂತಿಗಳ ಉದ್ದ ಹೆಚ್ಚುಕಡಿಮೆ ಒಂದೇ, ಸುಮಾರು 65 ಸೆಂಟಿಮೀಟರ್. ಆದರೂ ದಪ್ಪ ತಂತಿ 82 ಹರ್ಟ್ಸ್ ನುಡಿದರೆ ಕೊನೆಯ ತೆಳು ತಂತಿ 330 ಹರ್ಟ್ಸ್ ನುಡಿಯುತ್ತದೆ. ಫ್ರೆಟ್ ಒತ್ತುವುದೆಂದರೆ ಉದ್ದ ಕಡಿಮೆ ಮಾಡುವುದು. ಒಂದೊಂದು ಫ್ರೆಟ್‌ಗೂ ಉಳಿದ ಉದ್ದದಲ್ಲಿ ಶೇ. 5.6ರಷ್ಟು ಕಡಿಮೆಯಾಗುತ್ತ ಹೋಗಿ ಹನ್ನೆರಡನೆಯದಕ್ಕೆ ಅರ್ಧವಾಗುತ್ತದೆ. ಆದರೆ ತಂತಿ ಬಹಳ ಎತ್ತರದಲ್ಲಿದ್ದರೆ ಒತ್ತುವಾಗ ಅದು ಎಳೆದುಕೊಂಡು ಬಿಗಿತವೂ ಏರುತ್ತದೆ, ಸ್ವರ ಇರಬೇಕಾದ್ದಕ್ಕಿಂತ ಮೇಲೆ ಹೋಗುತ್ತದೆ. ಟ್ಯೂನ್ ಮಾಡಿದ್ದರೂ ಕಾರ್ಡ್ ಹಿಡಿದಾಗ ಅಪಸ್ವರ. ಹೊಸಬ ತನ್ನ ಕಿವಿಯೇ ಸರಿಯಿಲ್ಲ ಅಂದುಕೊಳ್ಳುತ್ತಾನೆ. ಮಾರಿದ ಗೆಳೆಯನ ಗಿಟಾರ್ ಕೂಡ ಹೀಗೇ ಇತ್ತು ಎಂಬ ಅನುಮಾನ ನನಗೆ ಈಗ ಇದೆ.

ಕೊಳ್ಳುವವರಿಗೆ ಇನ್ನೊಂದು ಮಾತು. ಬೆರಳು ಬಹಳ ನೋಯುತ್ತದೆ ಅನ್ನುವವರು ನೈಲಾನ್ ತಂತಿಯ ಗಿಟಾರ್ ನೋಡಿ. ಆದರೆ ಶಬ್ದ ಜೋರಾಗಿ ಬರಲಿ ಎಂದು ಅದಕ್ಕೆ ಸ್ಟೀಲ್ ತಂತಿ ಹಾಕಿಸಬೇಡಿ. ಸ್ಟೀಲಿನ ಎಳೆತ ತಡೆಯಲು ಅದನ್ನು ಮಾಡಿರುವುದಿಲ್ಲ. ಬ್ರಿಡ್ಜ್ ಕಿತ್ತು ಬರಬಹುದು.

ಎರಡನೆಯ ತೊಂದರೆ ಆತುರ. ನಮ್ಮ ಕಾಲೇಜಿನಲ್ಲಿ ಗಿಟಾರ್ ಅಂದರೆ ಗ್ಯಾದರಿಂಗ್. ಡಿಸೆಂಬರ್ ಹತ್ತಿರ ಬಂದಾಗ ಎಲ್ಲಿಂದಲೋ ನಾಲ್ಕು ಗಿಟಾರ್ ಬರುತ್ತವೆ, ಒಂದು ಹಾಡಿಗೆ ಬೇಕಾದಷ್ಟನ್ನೇ ಬಾಯಿಪಾಠದ ಹಾಗೆ ಕೈಪಾಠ ಮಾಡುತ್ತೇವೆ, ಜನವರಿಗೆ ಮರೆಯುತ್ತೇವೆ. ಬೆರಳ ತುದಿಯ ಚರ್ಮ ಗಟ್ಟಿಯಾಗಲಿಕ್ಕೇ ಮೂರು ನಾಲ್ಕು ವಾರ ಬೇಕು. ನಾವು ಅಷ್ಟರೊಳಗೆ ವೇದಿಕೆಯ ಮೇಲಿರುತ್ತೇವೆ! ಈಗ ನಾನು ದಿನಕ್ಕೆ ಹದಿನೈದು ನಿಮಿಷ ಮಾತ್ರ ನುಡಿಸುತ್ತೇನೆ, ಪರೀಕ್ಷೆಯ ದಿನಗಳಲ್ಲೂ. ಭಾನುವಾರ ಎರಡು ಗಂಟೆ ಕೂತದ್ದಕ್ಕಿಂತ ಇದರಲ್ಲಿ ಹೆಚ್ಚು ಬಂದಿದೆ. ಅದರಲ್ಲೂ ಹೆಚ್ಚಿನ ಹೊತ್ತು ಹಾಡು ನುಡಿಸುವುದಿಲ್ಲ. 'ಜಿ' ಕಾರ್ಡ್‌ನಿಂದ 'ಸಿ'ಗೆ, 'ಸಿ'ಯಿಂದ ಮತ್ತೆ 'ಜಿ'ಗೆ, ಒಂದು ನಿಮಿಷದಲ್ಲಿ ಎಷ್ಟು ಸಲ ತಪ್ಪಿಲ್ಲದೆ ಹೋಗಿ ಬರುತ್ತೇನೆ ಎಂದು ಎಣಿಸುತ್ತೇನೆ. ಮೊದಲು ಒಂಬತ್ತು ಸಲ. ಈಗ ನಲವತ್ತರ ಹತ್ತಿರ. ಕೇಳುವವರಿಗೆ ಇದರಷ್ಟು ಬೇಸರದ ಸಂಗತಿ ಇನ್ನೊಂದಿಲ್ಲ ಎಂದು ನನ್ನ ಆಪಾ ಹೇಳುತ್ತಾಳೆ, ಅದು ನಿಜ. ಅದಕ್ಕೇ ಕೋಣೆ ಬೇಕು ಅನ್ನುವುದು.

ಕೋಣೆಯ ಮಾತಿಗೆ ಬರುವ ಮೊದಲು, ಓದುವವರಲ್ಲಿ ಹಲವರ ಮನಸ್ಸಿನಲ್ಲಿ ಇರುವ ಪ್ರಶ್ನೆಯನ್ನು ಬಿಟ್ಟು ಹೋಗಲಾರೆ. ನಮ್ಮ ಮನೆಯಲ್ಲಿಯೇ ಆ ಪ್ರಶ್ನೆ ಇದೆ. ಅಬ್ಬಾ ಒಪ್ಪಿದ್ದಾರೆ, ನಾನಾ ಒಪ್ಪಿಲ್ಲ. ನಾನು ಆಲಿಮ್ ಅಲ್ಲ, ಫತ್ವಾ ಕೊಡುವ ವಯಸ್ಸೂ ಅಲ್ಲ. ತಿಳಿದಷ್ಟು ಹೇಳುತ್ತೇನೆ: ನಾಲ್ಕೂ ಮದ್‌ಹಬ್‌ಗಳ ಹಳೆಯ ಫಕೀಹರಲ್ಲಿ ಹೆಚ್ಚಿನವರು ತಂತಿ ವಾದ್ಯವನ್ನು ಒಪ್ಪಿಲ್ಲ. ಕಾರ್ಡೋಬಾದ ಇಬ್ನ್ ಹಜ್ಮ್ ಒಪ್ಪಿದ್ದರು. ಮದುವೆಯ ದಫ್ ಬಗ್ಗೆ ಇಷ್ಟು ಜಗಳವಿಲ್ಲ.

ವಾಟ್ಸ್ಯಾಪ್‌ನಲ್ಲಿ ಗಿಟಾರ್ ಅರಬರೇ ಮಾಡಿದ್ದು ಎಂಬ ಸಂದೇಶ ತಿರುಗುತ್ತದೆ. ಅದನ್ನು ವಾದಕ್ಕೆ ಬಳಸಬೇಡಿ. ಅರಬರ ಊದ್‌ನಿಂದ ಬಂದದ್ದು ಯುರೋಪಿನ ಲ್ಯೂಟ್, ಅದರ ಹೆಸರೇ ಅಲ್-ಊದ್. ಇವತ್ತಿನ ಗಿಟಾರಿಗೆ ಈ ರೂಪ ಕೊಟ್ಟವರು 19ನೇ ಶತಮಾನದ ಸ್ಪೇನಿನ ಆಂಟೋನಿಯೋ ದೆ ತೋರೆಸ್. ಇನ್ನು ತಂತಿ ವಾದ್ಯ ನಮ್ಮವರದ್ದಲ್ಲ ಎಂಬ ಮಾತೂ ಧಾರವಾಡದ ಕಡೆ ನಿಲ್ಲುವುದಿಲ್ಲ. ಸಿತಾರ್ ರತ್ನ ರಹಿಮತ್ ಖಾನ್, ಅವರ ಮಗ ಅಬ್ದುಲ್ ಕರೀಂ ಖಾನ್, ಮೊಮ್ಮಗ ಬಾಲೇಖಾನ್, ಮೂರು ತಲೆಮಾರು ಈ ನೆಲದಲ್ಲಿ ಸಿತಾರ್ ನುಡಿಸಿದೆ. ಆದರೆ ನಮ್ಮವರು ನುಡಿಸಿದ್ದಾರೆ ಎಂದ ಮಾತ್ರಕ್ಕೆ ನಾನಾ ಅವರ ಪ್ರಶ್ನೆಗೆ ಉತ್ತರ ಕೊಟ್ಟಂತಾಗುವುದಿಲ್ಲ. ಅವರು ಚರಿತ್ರೆ ಕೇಳುತ್ತಿಲ್ಲ.

ಹಾಗಾಗಿ ನಮ್ಮ ಮನೆಯಲ್ಲಿ ಒಂದು ಒಪ್ಪಂದ ನಡೆಯುತ್ತಿದೆ. ನಾನಾ ಬಂದಿದ್ದಾಗ ಗಿಟಾರ್ ಚೀಲದಲ್ಲಿರುತ್ತದೆ. ಅಜಾನ್ ಕೇಳಿದರೆ ಕೈ ನಿಲ್ಲುತ್ತದೆ. ಒಮ್ಮೆ ಅವರು ನನ್ನ ಎಡಗೈ ಹಿಡಿದು ಗಟ್ಟಿಯಾದ ಬೆರಳುಗಳನ್ನು ಮುಟ್ಟಿ ನೋಡಿದರು. ಬಡಗಿ ಕೆಲಸ ಮಾಡಿದವರು ಅವರು. "ಇಷ್ಟು ಶ್ರಮ ಓದಿಗೂ ಹಾಕು" ಅಂದರು, ಅಷ್ಟೇ. ಒಪ್ಪಿದರು ಎಂದು ನಾನು ಹೇಳುವುದಿಲ್ಲ.

ನಮ್ಮ ಕಾಲೇಜು ಕೂಡ ಇಂಥದೇ ಒಂದು ಒಪ್ಪಂದಕ್ಕೆ ಬರಬಹುದು ಎಂಬುದು ನನ್ನ ಅಭಿಪ್ರಾಯ. ಈಗಿನ ರೀತಿ ನನಗೆ ವಿಚಿತ್ರವಾಗಿ ಕಾಣುತ್ತದೆ. ವರ್ಷಕ್ಕೊಂದು ದಿನ ಎಲ್ಲರ ಮುಂದೆ, ಮೈಕ್ ಹಚ್ಚಿ, ಗಿಟಾರ್ ನಡೆಯುತ್ತದೆ. ಉಳಿದ ದಿನ ಯಾರಿಗೂ ತೊಂದರೆಯಾಗದ ಹಾಗೆ ಬಾಗಿಲು ಮುಚ್ಚಿ ಕಲಿಯುತ್ತೇವೆ ಅಂದರೆ ನಡೆಯುವುದಿಲ್ಲ. ಗಿಟಾರನ್ನು ಒಪ್ಪದವರಿಗೆ ಹೆಚ್ಚು ಕಿರಿಕಿರಿ ಯಾವುದು? ಅವರೂ ಕೂತು ಕೇಳಲೇಬೇಕಾದ ಗ್ಯಾದರಿಂಗ್ ತಾನೆ? ಆ ಐದು ನಿಮಿಷವನ್ನು ಬೇಕಾದರೆ ಕಾರ್ಯಕ್ರಮದಿಂದ ತೆಗೆದುಬಿಡಿ, ನನಗೇನೂ ಬೇಸರವಿಲ್ಲ. ಬದಲಿಗೆ ಕ್ರೀಡಾ ಸಾಮಾನಿನ ಪಕ್ಕದ ಖಾಲಿ ಕೋಣೆಯನ್ನು ವಾರಕ್ಕೆ ಎರಡು ದಿನ, ಕೊನೆಯ ಪಿರಿಯಡ್ ಮುಗಿದ ಮೇಲೆ ಅಸರ್‌ಗೆ ಮೊದಲು ಅರ್ಧ ಗಂಟೆ ಕೊಡಿ. ನಮಾಜ್ ಕೋಣೆಗೆ ಅಲ್ಲಿಂದ ಶಬ್ದ ಹೋಗುವುದಿಲ್ಲ, ಒಮ್ಮೆ ನಿಂತು ಕೇಳಿ ನೋಡಿದ್ದೇನೆ. ಹುಡುಗಿಯರಲ್ಲಿ ಕಲಿಯುವ ಆಸೆ ಇರುವವರಿಗೆ ಬೇರೆ ದಿನ, ಒಬ್ಬ ಮೇಡಂ ಜೊತೆಗಿರುವಂತೆ. ಮನೆಯವರ ಸಹಿ ಇಲ್ಲದೆ ಯಾರೂ ಬರಬಾರದು, ಬರದವರನ್ನು ಯಾರೂ ಕರೆಯಬಾರದು.

ಖರ್ಚೂ ಹೆಚ್ಚಿಲ್ಲ. ಹಿಂದೆ ಯಾವುದೋ ಗ್ಯಾದರಿಂಗ್‌ಗೆ ತಂದ ಒಂದು ಗಿಟಾರ್ ಆ ಕೋಣೆಯ ಅಲಮಾರಿಯ ಮೇಲೆ ಎರಡು ತಂತಿ ಹರಿದು ಬಿದ್ದಿದೆ. ಮಳೆಗಾಲದ ತೇವಕ್ಕೆ ಉಳಿದ ನಾಲ್ಕೂ ತುಕ್ಕು ಹಿಡಿದಿವೆ. ಕುತ್ತಿಗೆ ಮಾತ್ರ ನೆಟ್ಟಗಿದೆ. ಹೊಸ ತಂತಿಯನ್ನು ನಾವೇ ತರುತ್ತೇವೆ, ಸ್ಯಾಡಲ್ ಉಜ್ಜಲು ಚಾಚಾ ಬರುತ್ತೇನೆ ಅಂದಿದ್ದಾರೆ.

ಅರ್ಜಿಗೆ ಆರು ಜನ ಸಹಿ ಹಾಕಿದ್ದೇವೆ. ಗಿಟಾರ್ ಮಾರಿದವನದ್ದೂ ಅದರಲ್ಲಿದೆ. ಈ ವರ್ಷದ ಗ್ಯಾದರಿಂಗ್‌ಗೆ ನಾನು ಹೆಸರು ಕೊಟ್ಟಿಲ್ಲ. 'ಎಫ್' ಕಾರ್ಡ್‌ನಲ್ಲಿ ಒಂದೇ ಬೆರಳಿನಿಂದ ಆರೂ ತಂತಿ ಒತ್ತಬೇಕು, ನನಗಿನ್ನೂ ನಾಲ್ಕೇ ನುಡಿಯುತ್ತಿವೆ.