ಮೂಗಿಗಿಂತ ಮೂಗುತಿ ಭಾರ

2025ರ ಆಯುಧಪೂಜೆಯ ಸಂಜೆ. ಮದ್ದೂರಿನ ನಮ್ಮ ಮನೆ ಮುಂದೆ ಹಳೇ ಕಾರು, ಅದರ ಪಕ್ಕ ನನ್ನ ಸ್ಕೂಟರ್. ಎರಡಕ್ಕೂ ಸೇರಿ ಒಂದೇ ಬೂದುಗುಂಬಳ. ಒಡೆದ ಕುಂಬಳದ ಚೂರನ್ನು ನಾನಿನ್ನೂ ಗುಡಿಸುತ್ತಿದ್ದೆ. ಯಜಮಾನರು ಜಗಲಿ ಮೇಲೆ ಕೂತು ಮಾತು ತೆಗೆದರು.

"ಈ ಕಾರು ಕೊಟ್ಟುಬಿಡೋಣ ಕಣೇ. ಹದಿನೈದು ಮೈಲೇಜಿನ ಗಾಡಿ ಇಟ್ಕೊಂಡು ದುಡ್ಡೆಲ್ಲ ಪೆಟ್ರೋಲಿಗೆ ಸುರೀತಾ ಇದ್ದೀವಿ. ಹೊಸದು ಇಪ್ಪತ್ತೆರಡು ಕೊಡ್ತದಂತೆ. ಜಿಎಸ್‌ಟಿ ಬೇರೆ ಇಳಿದದೆ."

ಸುಳ್ಳೇನಲ್ಲ. ಆ ವರ್ಷದ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿತ್ತು. ಪೇಪರಿನ ತುಂಬ ಅದೇ ಜಾಹೀರಾತು. ನಾನು ಹೂಂಗುಟ್ಟಿದೆ. ಆಮೇಲೆ ಅವರು ದನಿ ತಗ್ಗಿಸಿ ಹೇಳಿದರು: "ನಿನ್ನ ನಾಲ್ಕು ಬಳೆ ಸೊಸೈಟೀಲಿ ಇಟ್ರೆ ಎರಡು ಲಕ್ಷ ಆಯ್ತದೆ. ಮಿಕ್ಕಿದ್ದಕ್ಕೆ ಬ್ಯಾಂಕ್ ಸಾಲ."

ನನ್ನ ತಕರಾರು ಶುರುವಾಗುವುದೇ ಇಲ್ಲಿ. ಮೈಲೇಜಿನ ಮಾತು ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಬರುತ್ತದೆ, ಬಳೆಯ ಮಾತು ಪಿಸುಗುಟ್ಟುತ್ತದೆ. ನಮ್ಮ ಮನೆಯೊಂದರಲ್ಲೇ ಅಲ್ಲ, ಮಂಡ್ಯದಲ್ಲಿ ನನ್ನ ತಂಗಿಯ ಮನೆಯಲ್ಲೂ, ಮಳವಳ್ಳಿಯ ನನ್ನ ತವರಿನಲ್ಲೂ ಇದೇ ಕಥೆ. ನಿಮ್ಮ ಮನೆಯಲ್ಲಿ ಬೇರೆಯಾಗಿದ್ದರೆ ನೀವು ಪುಣ್ಯವಂತರು.

ಹಾಲಿನ ಲೆಕ್ಕ ಬರೆಯುವ ನೋಟುಬುಕ್ಕಿನ ಕೊನೆಯ ಹಾಳೆ ಹರಿದುಕೊಂಡು ಕೂತೆ. ಕಾರು ವರ್ಷಕ್ಕೆ ಎಷ್ಟು ಓಡುತ್ತದೆ? ಸರ್ವಿಸ್ ಬಿಲ್ಲುಗಳಲ್ಲಿ ಕಿಲೋಮೀಟರ್ ಬರೆದಿರುತ್ತಾರೆ, ಕಳೆದು ನೋಡಿದರೆ 6,000. ಅಷ್ಟೇ. ಯಜಮಾನರು ಮಂಡ್ಯದ ಕಚೇರಿಗೆ ಪಾಸು ಮಾಡಿಸಿಕೊಂಡು ರೈಲಿನಲ್ಲೇ ಹೋಗಿ ಬರುವವರು. ಕಾರು ಹೊರಡುವುದು ಮದುವೆ ಮುಂಜಿಗೆ, ಅತ್ತೆಯವರ ಆಸ್ಪತ್ರೆಗೆ, ನನ್ನ ತವರಿಗೆ. 15ರ ಮೈಲೇಜಿಗೆ 400 ಲೀಟರ್. ಲೆಕ್ಕಕ್ಕೆ ಲೀಟರಿಗೆ 103 ರೂಪಾಯಿ ಇಟ್ಟುಕೊಂಡರೆ 41,200. ಹೊಸ ಕಾರು 22 ಕೊಟ್ಟರೆ ಸುಮಾರು 273 ಲೀಟರ್, 28,100 ರೂಪಾಯಿ. ಉಳಿಯುವುದು ವರ್ಷಕ್ಕೆ 13 ಸಾವಿರ.

ಇನ್ನು ಖರ್ಚು. ಅವರು ನೋಡಿಟ್ಟಿದ್ದ ಕಾರು ರಸ್ತೆಗಿಳಿಯುವಾಗ ಎಂಟೂವರೆ ಲಕ್ಷ. ಹಳೆಯದಕ್ಕೆ ದಲ್ಲಾಳಿ ಕೇಳಿದ್ದು ಒಂದೂವರೆ. ಹೊಸ ಕಾರಿನ ಬೆಲೆ ಇಳಿದಾಗ ಹಳೇ ಕಾರಿನದೂ ಇಳಿಯುತ್ತದೆ, ಇದನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ನಾವು ಮೇಲೆ ಹಾಕಬೇಕಾದ್ದು ಏಳು ಲಕ್ಷ. ಏಳು ಲಕ್ಷವನ್ನು 13 ಸಾವಿರದಿಂದ ಭಾಗಿಸಿ ನೋಡಿ. ಸುಮಾರು 54 ವರ್ಷ! ನನಗೀಗ 46. ಪೆಟ್ರೋಲಿನ ಲಾಭ ಕೈಗೆ ಹತ್ತುವ ಹೊತ್ತಿಗೆ ನನಗೆ ನೂರು ತುಂಬಿರುತ್ತದೆ, ಕಾರು ಎಲ್ಲಿರುತ್ತದೋ ದೇವರೇ ಬಲ್ಲ.

ಇದು ಬಡ್ಡಿ ಸೇರಿಸದ ಲೆಕ್ಕ. ಐದು ಲಕ್ಷ ಸಾಲಕ್ಕೆ ಶೇ 9ರಂತೆ ಮೊದಲ ವರ್ಷದ ಬಡ್ಡಿಯೇ 40 ಸಾವಿರ ದಾಟುತ್ತದೆ. ಬಳೆಯ ಬಡ್ಡಿ ಬೇರೆ. ಕರ್ನಾಟಕದಲ್ಲಿ ಐದರಿಂದ ಹತ್ತು ಲಕ್ಷದ ಪೆಟ್ರೋಲ್ ಕಾರಿಗೆ ಜೀವಾವಧಿ ತೆರಿಗೆ ಶೇ 14, ಅದರ ಮೇಲೆ ಸೆಸ್. ಏಳು ಲಕ್ಷದ ಕಾರಿಗೆ ತೆರಿಗೆ ಒಂದೇ 98 ಸಾವಿರ. ಅಂದರೆ ಏಳೂವರೆ ವರ್ಷ ಉಳಿಸುವ ಪೆಟ್ರೋಲಿನ ದುಡ್ಡು, ಕಾರು ಮನೆಗೆ ಬರುವ ಮುಂಚೆಯೇ ಹೋಯಿತು. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ ಇರಬೇಕು.

ಹಾಳೆ ತೋರಿಸಿದೆ. ಯಜಮಾನರು ಸೋಲಲಿಲ್ಲ. "ಎಥೆನಾಲ್ ಬಂದ ಮೇಲೆ ಮೈಲೇಜ್ ಬಿದ್ದೋಗದೆ" ಅಂದರು. ಕಬ್ಬಿನ ಸೀಮೆಯ ನಮಗೆ ಇದು ತಮಾಷೆಯಾಗಿ ಕೇಳುವ ದೂರು. 1933ರಿಂದ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಕಂಡವರು ನಾವು, ಈಗ ಅದೇ ಕಬ್ಬು ಎಥೆನಾಲ್ ಆಗಿ ಪೆಟ್ರೋಲಿನ ಜೊತೆ ಟ್ಯಾಂಕಿಗೆ ಬರುತ್ತಿದೆ. ಶೇ 20 ಎಥೆನಾಲ್ ಬೆರೆತರೆ ಅದಕ್ಕೆಂದು ತಯಾರಾಗದ ಹಳೇ ಕಾರುಗಳ ಮೈಲೇಜು ಶೇ 6–7ರಷ್ಟು, ದ್ವಿಚಕ್ರಗಳದು 3–4ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜು ಮಾಡಿತ್ತು. ಸರಿ, ಇಳಿಯಲಿ. ನಮ್ಮ ಕಾರಿನ ಲೆಕ್ಕದಲ್ಲಿ ಅದು ವರ್ಷಕ್ಕೆ ಮೂರು ಸಾವಿರದೊಳಗಿನ ಮಾತು. ಮೂರು ಸಾವಿರ ಸೋರುತ್ತದೆಂದು ಏಳು ಲಕ್ಷ ಸುರಿಯುತ್ತಾರೆಯೇ? ಚಕ್ರದ ಗಾಳಿ ನೋಡಿಕೊಂಡು, ಮೈಸೂರು ರಸ್ತೆಯಲ್ಲಿ ನೂರರ ಬದಲು ಎಂಬತ್ತರಲ್ಲಿ ಹೋದರೆ ಅಷ್ಟು ಅಲ್ಲೇ ಉಳಿದೀತು.

"ಹದಿನೈದು ವರ್ಷ ಆದ್ರೆ ಗುಜರಿಗೇ ಹಾಕ್ಬೇಕು" ಎನ್ನುವುದು ಮುಂದಿನ ಬಾಣ. ಅದು ದೆಹಲಿ ಕಡೆಯ ಕಟ್ಟಳೆ. ನಮ್ಮಲ್ಲಿ ಸ್ವಂತದ ಗಾಡಿಗೆ ಹದಿನೈದು ತುಂಬಿದರೆ ತಪಾಸಣೆ ಮಾಡಿಸಿ ನೋಂದಣಿ ನವೀಕರಿಸಬಹುದು. 2022ರ ಏಪ್ರಿಲ್‌ನಿಂದ ಆ ಶುಲ್ಕ ಕಾರಿಗೆ 600ರಿಂದ 5,000ಕ್ಕೆ ಏರಿದೆ, ನಿಜ. ಏರಿದರೂ ಐದು ಸಾವಿರವೇ, ಐದು ಲಕ್ಷವಲ್ಲ. ನಮ್ಮ ಕಾರಿಗೆ ಇನ್ನೂ ಹನ್ನೆರಡು. ಮೆಕ್ಯಾನಿಕ್ ಹುಡುಗನನ್ನು ಕೇಳಿದರೆ "ಇಂಜಿನ್ ಗಟ್ಟಿಯಾಗದೆ ಕಣ್ರವ್ವ, ಯಾಕ್ ಮಾರೀರಿ?" ಎಂದ. ಅವನಿಗೆ ರಿಪೇರಿ ಆಸೆ ಇದ್ದೀತು ಅಂದರು ಇವರು. ಇರಲಿ, ಕಾರು ಮಾರುವವನಿಗೇನು ವೈರಾಗ್ಯವೇ?

ಈ ಉಳಿತಾಯದ ಹುಚ್ಚು ಹೊಸದಲ್ಲ. ಹಿಂದೆ ನಮ್ಮ ಬೀದಿಯಲ್ಲಿ ಒಬ್ಬರು ಓಮ್ನಿ ವ್ಯಾನಿಗೆ ಅಡುಗೆಮನೆಯ ಕೆಂಪು ಸಿಲಿಂಡರ್ ಕೂರಿಸಿ ಓಡಿಸುತ್ತಿದ್ದರು. ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ. ಅವರ ಹೆಂಡತಿ ತಿಂಗಳ ಕೊನೆಗೆ ಸೀಮೆಎಣ್ಣೆ ಸ್ಟೌವು ಊದುತ್ತಾ ಕಣ್ಣೊರೆಸಿಕೊಳ್ಳುತ್ತಿದ್ದರು. ಉಳಿತಾಯ ಯಾರದು, ಹೊಗೆ ಯಾರದು ಎಂದು ಆಗ ನಮಗ್ಯಾರಿಗೂ ಹೊಳೆಯಲಿಲ್ಲ.

ಆಮೇಲೆ ಡೀಸೆಲ್ ಕಾಲ ಬಂತು. 2010ರ ಜೂನ್‌ನಲ್ಲಿ ಸರ್ಕಾರ ಪೆಟ್ರೋಲ್ ಬೆಲೆಯ ಮೇಲಿನ ಹಿಡಿತ ಬಿಟ್ಟಿತು, ಡೀಸೆಲಿನದು ಬಿಡಲಿಲ್ಲ. ಅಂತರ ಕಂಡು ಜನ ಡೀಸೆಲ್ ಕಾರಿಗೆ ಮುಗಿಬಿದ್ದರು. ಮಳವಳ್ಳಿಯ ನಮ್ಮಣ್ಣ 2012ರಲ್ಲಿ ಒಂದು ಲಕ್ಷ ಹೆಚ್ಚು ಕೊಟ್ಟು ತಂದ. ಅಂಗಡಿ ಬಿಟ್ಟು ಕದಲದ ಮನುಷ್ಯ, ತಿಂಗಳಿಗೆ ಮುನ್ನೂರು ಕಿಲೋಮೀಟರೂ ಓಡಿಸಿದವನಲ್ಲ. 2014ರ ಅಕ್ಟೋಬರಿನಲ್ಲಿ ಡೀಸೆಲ್ ಬೆಲೆಯೂ ಬಿಡುಗಡೆಯಾಯಿತು. 2020ರ ಏಪ್ರಿಲ್‌ಗೆ ಮಾರುತಿಯವರು ಡೀಸೆಲ್ ಕಾರು ಮಾಡುವುದನ್ನೇ ನಿಲ್ಲಿಸಿದರು. ಆ ಒಂದು ಲಕ್ಷ ಇವತ್ತಿಗೂ ವಾಪಸು ಬಂದಿಲ್ಲ. ಅತ್ತಿಗೆ ಅದಕ್ಕಾಗಿ ಮುರಿಸಿದ ಚೀಟಿಯ ಮಾತು ಈಗ ಆ ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಅತ್ತೆಯವರು ಇದನ್ನೆಲ್ಲ ಕೇಳುತ್ತಾ ಕೂತಿದ್ದರು. "ನಿಮ್ಮಾವ ಜಾತ್ರೆಯಿಂದ ಜಾತ್ರೆಗೆ ಎತ್ತು ಬದಲಾಯಿಸೋರು ಕಣವ್ವ. ಹೊಸ ಎತ್ತು ಹುಲ್ಲು ಕಮ್ಮಿ ತಿಂತದೆ ಅನ್ನೋರು. ದಲ್ಲಾಳಿಗೆ ಕೊಟ್ಟಿದ್ದು ಮಾತ್ರ ಒಂದಿನಾನೂ ಹೇಳ್ನಿಲ್ಲ" ಅಂದರು. ಮಗ ಎದ್ದು ಒಳಗೆ ಹೋದರು.

ಹೊಸ ಕಾರು ಕಂಡರೆ ಯಾರಿಗೆ ಆಸೆಯಿಲ್ಲ? ನನಗೂ ಇದೆ. ಷಡ್ಡಕ ಹೊಸ ಕಾರಿನಲ್ಲಿ ಬಂದಾಗ ಇವರ ಮುಖ ನಾನು ನೋಡಿದ್ದೇನೆ. ಆಸೆಯನ್ನು ಆಸೆ ಅಂತ ಹೇಳಿದರೆ ನಾನೇ ಬಳೆ ಬಿಚ್ಚಿಕೊಟ್ಟೇನೋ ಏನೋ. ಉಳಿತಾಯದ ಹೆಸರಿನಲ್ಲಿ ಕೇಳಿದರೆ ಕೊಡಲಾರೆ. ಅಥವಾ, ಹಳೇ ಕಾರಿನಲ್ಲಿ ಏರ್‌ಬ್ಯಾಗ್ ಇಲ್ಲ, ಮಗಳು ಮುಂದೆ ಕೂರುತ್ತಾಳೆ ಎಂದಿದ್ದರೂ ನನ್ನ ಬಾಯಿ ಕಟ್ಟುತ್ತಿತ್ತು. ಆ ಮಾತು ಅವರಿಗೆ ತೋಚಲಿಲ್ಲ.

ಹಾಳೆಯ ಹಿಂಬದಿ ಖಾಲಿಯಿತ್ತು. ಸುಮ್ಮನೆ ನನ್ನ ಸ್ಕೂಟರಿನ ಲೆಕ್ಕವನ್ನೂ ಹಾಕಿದೆ. ನನ್ನ ಶಾಲೆ ಕೆ.ಎಂ.ದೊಡ್ಡಿ ದಾಟಿ, ಮಳವಳ್ಳಿ ರಸ್ತೆಯಿಂದ ಮೂರು ಕಿಲೋಮೀಟರ್ ಒಳಗೆ. ಮನೆಯಿಂದ 18. ಹೋಗಿ ಬರಲು 36. ವರ್ಷಕ್ಕೆ 220 ದಿನ ಹಿಡಿದರೆ 7,920 ಕಿಲೋಮೀಟರ್. ಮನೆಯ ಕಾರಿಗಿಂತ ಹೆಚ್ಚು ಓಡುವುದು ನನ್ನ ಸ್ಕೂಟರ್! ಲೀಟರಿಗೆ 40 ಕೊಡುವ ಅದಕ್ಕೆ ವರ್ಷಕ್ಕೆ 198 ಲೀಟರ್, 20 ಸಾವಿರ ರೂಪಾಯಿಯ ಪೆಟ್ರೋಲ್. ಎಲೆಕ್ಟ್ರಿಕ್ ಸ್ಕೂಟರ್ ಒಂದು ಯೂನಿಟ್ಟಿಗೆ 30 ಕಿಲೋಮೀಟರ್ ಹೋದರೆ ತಿಂಗಳಿಗೆ 22 ಯೂನಿಟ್. ಗೃಹಜ್ಯೋತಿಯಲ್ಲಿ ತಿಂಗಳ ಒಟ್ಟು ಬಳಕೆ 200 ಯೂನಿಟ್ ದಾಟದಂತೆ ನೋಡಿಕೊಳ್ಳಬೇಕು, ದಾಟಿದರೆ ಪೂರ್ತಿ ಬಿಲ್ಲು ಮೈಮೇಲೆ. ಧಾರಾಳವಾಗಿ ಹಿಡಿದರೂ ವರ್ಷಕ್ಕೆ ಎರಡು ಸಾವಿರ. ಉಳಿಯುವುದು 18 ಸಾವಿರ. ಹಳೆಯದನ್ನು 25 ಸಾವಿರಕ್ಕೆ ಕೊಟ್ಟರೆ ಮೇಲೆ ಹಾಕಬೇಕಾದ್ದು 90 ಸಾವಿರ. ಐದು ವರ್ಷಕ್ಕೆ ಅಸಲು ವಾಪಸು. ಬ್ಯಾಟರಿಗೆ ಅಷ್ಟು ವರ್ಷದ ಗ್ಯಾರಂಟಿ ಬರವಣಿಗೆಯಲ್ಲಿ ಇಲ್ಲದಿದ್ದರೆ ಮುಟ್ಟಲೇಬಾರದು, ಈ ಎಚ್ಚರ ಬೇಕು.

ಕಾರಿಗೆ 54 ವರ್ಷ, ಸ್ಕೂಟರಿಗೆ ಐದು. ಆದರೂ ಹೆಂಡತಿಯ ಸ್ಕೂಟರ್ ಬದಲಿಸೋಣ ಎಂಬ ಮಾತು ಯಾವ ಜಗಲಿ ಮೇಲೂ ಹುಟ್ಟುವುದಿಲ್ಲ. 2023ರ ಮೇ ತಿಂಗಳಲ್ಲಿ ನಾನೇ ಬಾಯಿಬಿಟ್ಟು ಕೇಳಿದ್ದೆ. "ಆಮೇಲೆ ನೋಡೋಣ" ಎಂದರು. ಜೂನ್ 1ರಿಂದ ಕೇಂದ್ರದ ಸಹಾಯಧನದ ಮಿತಿ ಬೆಲೆಯ ಶೇ 40ರಿಂದ 15ಕ್ಕೆ ಇಳಿದು ಸ್ಕೂಟರ್‌ಗಳು ತುಟ್ಟಿಯಾದವು. ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು. "ನಿಂಗೀಗ ಬಸ್ಸೇ ಫ್ರೀ ಅಲ್ವೇ?" ಎಂದರು. ಮುಖ್ಯರಸ್ತೆಯಲ್ಲಿ ಇಳಿದು ಮೂರು ಕಿಲೋಮೀಟರ್ ಬಿಸಿಲಲ್ಲಿ ನಡೆಯುವುದೂ ಫ್ರೀಯೇ. ಒಂದು ವಾರ ನಡೆದು ಬಿಟ್ಟೆ.

ಬಸ್ಸಿನ ಮಾತು ಅವರೇ ಎತ್ತಿದ್ದರಿಂದ ಹೇಳುತ್ತೇನೆ. ಭಾನುವಾರ ನನ್ನ ತವರಿಗೆ ಸಾಮಾನ್ಯ ಬಸ್ಸಿನಲ್ಲಿ ಹೊರಟರೆ ನನಗೆ, ಮಗಳಿಗೆ, ಅತ್ತೆಯವರಿಗೆ ಟಿಕೆಟ್ಟಿಲ್ಲ. ದುಡ್ಡು ಕೊಡಬೇಕಾದ್ದು ಅವರೊಬ್ಬರಿಗೆ. ಮದ್ದೂರಿನಿಂದ ಮಳವಳ್ಳಿಗೆ ಇಂಥ ಮೈಲೇಜು ಯಾವ ಕಾರು ಕೊಟ್ಟೀತು?

ದೀಪಾವಳಿ ಕಳೆದು ನನ್ನ ಚೀಟಿ ಬಂತು. ಸ್ಕೂಟರ್ ತಂದೆ. ಬಳೆ ಕೈಯಲ್ಲೇ ಇವೆ. ಕಾರಿಗೆ ಎರಡು ಹೊಸ ಟಯರ್ ಹಾಕಿಸಿದ್ದಾಯಿತು. ಆದರೆ ಹೊಸ ಕಾರಿನ ಬಣ್ಣದ ಕಾಗದ ಇನ್ನೂ ಟೀವಿ ಸ್ಟ್ಯಾಂಡಿನ ಕೆಳಗಿದೆ. ಮೊನ್ನೆ ರಾತ್ರಿ ಯಜಮಾನರು ಅದನ್ನು ಬಿಡಿಸಿಕೊಂಡು, ಮೈಲೇಜಿನ ಸುದ್ದಿಯೇ ಎತ್ತದೆ, "ಇದ್ರಲ್ಲಿ ಆರು ಏರ್‌ಬ್ಯಾಗ್ ಅದೆಯಂತೆ" ಎಂದರು. ಈ ಮಾತಿಗೆ ನನ್ನ ಹಾಳೆಯಲ್ಲಿ ಉತ್ತರವಿಲ್ಲ.